ದೀಪ ಹತ್ತುತ್ತದೆ, ಡಿಸ್ಕ್ ತೆರೆಯುವುದಿಲ್ಲ

ಮಾವನ ಫೋನ್ ಬಂದಾಗ ಹಿಂದಿನಿಂದ ಮೆಟ್ಟುಗತ್ತಿಯ ಸದ್ದು ಕೇಳಿಸುತ್ತಿತ್ತು. ಡಿಸೆಂಬರಿನ ಸಂಜೆ. ಸಿದ್ದಾಪುರದ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕುಳಿತು ನಡುರಾತ್ರಿಯವರೆಗೂ ಕೆಲಸ ಮಾಡುವ ಕಾಲ. ಕೈ ಓಡಬೇಕಾದರೆ ಕಿವಿಗೆ ಏನಾದರೂ ಬೇಕು. ಮಾವನ ಮನೆಯಲ್ಲಿ ಅದು ತಾಳಮದ್ದಲೆ. ಇಪ್ಪತ್ತು ವರ್ಷ ಊರೂರು ತಿರುಗಿ ಅವರು ಧ್ವನಿಮುದ್ರಿಸಿಕೊಂಡದ್ದು, ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡದ್ದು ಎಲ್ಲ ಸೇರಿ ಸುಮಾರು 600 ಗಂಟೆಯಷ್ಟು ಸರಕು ಒಂದು ಟೆರಾಬೈಟಿನ ಪುಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿದೆ. ಜೊತೆಗೆ ಮನೆಯ ಮದುವೆ, ಉಪನಯನಗಳ ವಿಡಿಯೊಗಳು. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

"ಅಪ್ಪಿ, ನೀನು ದೀಪಾವಳಿಯಲ್ಲಿ ಬಂದು ಕಂಪ್ಯೂಟರಿಗೆ ಅದೇನೋ ಹೊಸದು ಹಾಕಿ ಹೋದೆಯಲ್ಲ, ಈಗ ನನ್ನ ಹಾರ್ಡ್ ಡಿಸ್ಕ್ ಓಪನ್ ಆಗುತ್ತಿಲ್ಲ."

ಹಾಕಿ ಹೋದದ್ದು ಉಬುಂಟು, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸಿನ ಒಂದು ಬಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಮಾವನ ಕಂಪ್ಯೂಟರ್ 2014ರದ್ದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಅದರಲ್ಲಿಲ್ಲ, ಪ್ರೊಸೆಸರ್ ಕೂಡ ಆ ಪಟ್ಟಿಗೆ ಸೇರುವಷ್ಟು ಹೊಸದಲ್ಲ. ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಆ ತಿಂಗಳ 20ರ ಸುಮಾರಿಗೆ ಹಬ್ಬಕ್ಕೆ ಹೋದವನು ಲಿನಕ್ಸ್ ಹಾಕಿ ಬಂದಿದ್ದೆ. ಹೀಗಾಗಿ ಆರೋಪಿ ನಾನೇ.

ನಮ್ಮ ಕಡೆ "ಓಪನ್ ಆಗುತ್ತಿಲ್ಲ" ಎಂಬ ಒಂದೇ ಮಾತು ಎಷ್ಟೊಂದು ಕಾಯಿಲೆಗಳಿಗೆ ಹೆಸರು! ಡಿಸ್ಕಿಗೆ ವಿದ್ಯುತ್ತೇ ಹೋಗದಿದ್ದರೂ ಅದೇ ಮಾತು, ಎಲ್ಲ ಸರಿಯಿದ್ದು ವಿಂಡೋಸ್ ಒಂದು ಡ್ರೈವ್ ಅಕ್ಷರ ಕೊಡಲು ಮರೆತಿದ್ದರೂ ಅದೇ ಮಾತು. ಆದರೆ ಕಂಪ್ಯೂಟರಿನ ಮಟ್ಟಿಗೆ ಇದು ಒಂದರ ಹಿಂದೊಂದು ದಾಟಬೇಕಾದ ದಣಪೆಗಳ ಸಾಲು. ಡಿಸ್ಕಿಗೆ ಸಾಕಷ್ಟು ವಿದ್ಯುತ್ ಸಿಗಬೇಕು. ಯುಎಸ್‌ಬಿ ತಂತಿಯ ಮೂಲಕ ಅದು ತನ್ನ ಗುರುತು ಹೇಳಿಕೊಳ್ಳಬೇಕು. ವ್ಯವಸ್ಥೆಯ ತಿರುಳಾದ ಕರ್ನಲ್ ಅದನ್ನು ಒಂದು ಡಿಸ್ಕ್ ಎಂದು ಒಪ್ಪಿ ಹೆಸರು ಕೊಡಬೇಕು. ಅದರೊಳಗಿನ ಪಾರ್ಟಿಷನ್ನುಗಳ, ಅಂದರೆ ಪಾಲುಗಳ, ಪಟ್ಟಿ ಓದಲು ಬರಬೇಕು. ಆ ಪಾರ್ಟಿಷನ್ನಿನ ಫೈಲ್ ವ್ಯವಸ್ಥೆ, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ, ಯಾವುದೆಂದು ತಿಳಿದು, ಅದು ಸುಸ್ಥಿತಿಯಲ್ಲಿದೆ ಎಂದು ಖಾತ್ರಿಯಾಗಬೇಕು. ಕೊನೆಗೆ ಅದನ್ನು ಕಂಪ್ಯೂಟರಿನ ಫೋಲ್ಡರುಗಳ ಮರಕ್ಕೆ ಒಂದು ಕೊಂಬೆಯಾಗಿ ಸೇರಿಸಬೇಕು. ಮೌಂಟ್ ಎನ್ನುವುದು ಈ ಕೊನೆಯ ಕೆಲಸಕ್ಕೆ ಮಾತ್ರ. ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಟೇಪಿನ ಸುರುಳಿಯನ್ನೋ ಡಿಸ್ಕಿನ ಡಬ್ಬಿಯನ್ನೋ ನೌಕರರು ನಿಜವಾಗಿಯೇ ಎತ್ತಿ ಯಂತ್ರದ ಮೇಲೆ ಕೂರಿಸುತ್ತಿದ್ದರು. ಆ ಪದವೇ ಉಳಿದುಕೊಂಡಿದೆ. ಕನ್ನಡದಲ್ಲಿ ಇದಕ್ಕೆ "ಆರೋಹಣ" ಎಂದು ಬರೆದವರನ್ನು ಕಂಡಿದ್ದೇನೆ, ಹಾಗೆ ಮಾತನಾಡಿದವರನ್ನು ಕಂಡಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ತಪ್ಪು ಮಾಡಿದವನು ನಾನೇ.

ಫೋನಿನಲ್ಲಿ ಕಳೆದ ಒಂದು ಗಂಟೆ

"ದೀಪ ಹತ್ತುತ್ತದೆಯೇ ಮಾವ?" ಎಂದು ಕೇಳಿದೆ. ಹತ್ತುತ್ತದೆ ಎಂದರು. ತಿರುಗುವ ಸದ್ದೂ ಕೇಳುತ್ತದಂತೆ. ಅಷ್ಟಕ್ಕೇ ನಾನು ತೀರ್ಮಾನಕ್ಕೆ ಬಂದುಬಿಟ್ಟೆ: ಡಿಸ್ಕ್ ಸರಿಯಿದೆ, ವಿಂಡೋಸಿನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಗೂ ಲಿನಕ್ಸಿಗೂ ಏನೋ ತಕರಾರಾಗಿದೆ. ಪಕ್ಕದ ಮನೆಯ ಪದವಿ ವಿದ್ಯಾರ್ಥಿಯನ್ನು ಕರೆಸಿ, ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆಸಿ, ಅಕ್ಷರ ಅಕ್ಷರವಾಗಿ ಆದೇಶಗಳನ್ನು ಹೇಳಿ ಬರೆಸಿದೆ. ಡಿಸ್ಕುಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟಾಗ ಆ ಹುಡುಗ "ಒಳಗಿನ ಡಿಸ್ಕ್ ಒಂದೇ ಇದೆ" ಎಂದ. ಕರ್ನಲ್ ಬರೆದಿಡುವ ದಿನಚರಿಯನ್ನು 'ಡಿಮೆಸೇಜ್' ಆದೇಶದಿಂದ ತೆರೆಸಿ, ಕೇಬಲ್ ಕಿತ್ತು ಮತ್ತೆ ಹಾಕಲು ಹೇಳಿದೆ. "ಹೊಸ ಸಾಲು ಏನೂ ಬರಲಿಲ್ಲ ಅಣ್ಣ" ಎಂದ.

ಹುಡುಗ ಏನೋ ತಪ್ಪು ಒತ್ತಿದ್ದಾನೆ ಎಂದುಕೊಂಡು ಅದನ್ನೇ ಮೂರು ಬಾರಿ ಮಾಡಿಸಿದೆ. ಮೂರು ಬಾರಿಯೂ ಅವನು ಸರಿಯಾದ ಉತ್ತರವನ್ನೇ ಕೊಟ್ಟಿದ್ದ. "ಏನೂ ಬರಲಿಲ್ಲ" ಎನ್ನುವುದೇ ಆ ರಾತ್ರಿಯ ಅತ್ಯಂತ ಬೆಲೆಯುಳ್ಳ ಸುಳಿವಾಗಿತ್ತು. ಯುಎಸ್‌ಬಿ ಸಾಧನ ಪೂರ್ತಿ ಸತ್ತಿರದಿದ್ದರೆ, ಎರಡು ದತ್ತಾಂಶದ ಎಳೆಗಳು ಕಂಪ್ಯೂಟರನ್ನು ಮುಟ್ಟಿದಾಗ ಸಾಮಾನ್ಯವಾಗಿ ದಿನಚರಿಯಲ್ಲಿ ಒಂದಾದರೂ ಸಾಲು ಬೀಳುತ್ತದೆ, ಬೈಗುಳದ ರೂಪದಲ್ಲಾದರೂ ಸರಿ. ದೀಪ ಹತ್ತಿಯೂ ದಿನಚರಿ ಮೌನವಾಗಿದ್ದರೆ ಫೈಲ್ ವ್ಯವಸ್ಥೆಯ ಮಾತು ಎತ್ತುವುದೇ ವ್ಯರ್ಥ. ಎರಡನೆಯ ದಣಪೆಯಲ್ಲಿ ನಿಂತವರಿಗೆ ನಾನು ಐದನೆಯದರ ಬೀಗದ ಕೈ ಹುಡುಕಿ ಕೊಡುತ್ತಿದ್ದೆ.

ಮರುದಿನ ಮಾವ ಡಿಸ್ಕನ್ನು, ಕೇಬಲ್ ಸಮೇತ, ಪೇಟೆಯ ಒಂದು ಅಂಗಡಿಗೆ ಒಯ್ದರು. ಅಲ್ಲಿಯೂ ದೀಪ ಹತ್ತಿತು, ಪರದೆಯಲ್ಲಿ ಏನೂ ಬರಲಿಲ್ಲ. "ಡಿಸ್ಕ್ ಹೋಗಿದೆ, ಡೇಟಾ ಬೇಕಿದ್ದರೆ ಬೆಂಗಳೂರಿಗೆ ಕಳಿಸಬೇಕು" ಎಂದರಂತೆ. ಇನ್ನೊಬ್ಬರು ಕವಚ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುವ ಸಲಹೆ ಕೊಟ್ಟರು. ಅದನ್ನು ಮಾತ್ರ ಮಾಡಬೇಡಿ ಎಂದು ಫೋನಿನಲ್ಲೇ ಕೂಗಿದೆ. ಈ ಪುಟ್ಟ ಡಿಸ್ಕುಗಳಲ್ಲಿ ಕೆಲವಕ್ಕೆ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಒಳಗೆ ಜೋಡಿಸಲು ಬೇರೆ ಸಾಕೆಟ್ಟೇ ಇರುವುದಿಲ್ಲ. ಇನ್ನು ಕೆಲವಲ್ಲಿ ಯುಎಸ್‌ಬಿಗೂ ಡಿಸ್ಕಿಗೂ ನಡುವಿನ ಸೇತುವೆ ಚಿಪ್ಪು ದತ್ತಾಂಶವನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬರೆದಿರುತ್ತದೆ. ಆ ಚಿಪ್ಪನ್ನು ಬಿಟ್ಟು ಓದಿದರೆ ಸಿಗುವುದು ಬರೀ ಕಸ.

ಇಲಿ, ಕೇಬಲ್ ಮತ್ತು ಮುಂದಿನ ಸಾಕೆಟ್

ಶನಿವಾರ ಬೆಳಗ್ಗೆ ಬಸ್ಸಿಳಿದವನು ಕಷಾಯ ಕುಡಿದು ನೇರ ಕಂಪ್ಯೂಟರಿನ ಮುಂದೆ ಕುಳಿತೆ. ಡಿಮೆಸೇಜ್ ಆದೇಶಕ್ಕೆ 'ಡಬ್ಲ್ಯು' ಎಂಬ ಆಯ್ಕೆ ಸೇರಿಸಿದರೆ ದಿನಚರಿಯ ಹೊಸ ಸಾಲುಗಳು ಬಿದ್ದಂತೆಲ್ಲ ಪರದೆಯ ಮೇಲೆ ಕಾಣುತ್ತವೆ. ಹಾಗೆ ತೆರೆದಿಟ್ಟು ಮೊದಲು ನನ್ನ ಪೆನ್‌ಡ್ರೈವ್ ಚುಚ್ಚಿದೆ. ಏಳೆಂಟು ಸಾಲು ಬಿದ್ದವು. ಅಂದರೆ ಸಾಕೆಟ್ ಜೀವಂತವಿದೆ. ಅದೇ ಸಾಕೆಟ್ಟಿಗೆ ಮಾವನ ಡಿಸ್ಕ್ ಚುಚ್ಚಿದೆ. ನೀಲಿ ದೀಪ ಹತ್ತಿತು, ಸದ್ದು ಬಂತು, ದಿನಚರಿ ಮೌನ.

ಆಗ ಕೇಬಲ್ ನೋಡಿದೆ. ಯುಎಸ್‌ಬಿ 3.0 ಡಿಸ್ಕುಗಳ ಸಾಕೆಟ್ ಅಗಲವಾಗಿ, ಎರಡು ಭಾಗವಾಗಿ ಇರುವುದನ್ನು ಬಹಳ ಮಂದಿ ಗಮನಿಸಿರುತ್ತಾರೆ. ಅದರ ದೊಡ್ಡ ಭಾಗ ಹಳೆಯ ಮೊಬೈಲುಗಳ ಮೈಕ್ರೋ ಯುಎಸ್‌ಬಿಯೇ. ಪಕ್ಕದ ಸಣ್ಣ ಭಾಗ ವೇಗಕ್ಕಾಗಿ ಆಮೇಲೆ ಸೇರಿಸಿದ್ದು. ಆದ್ದರಿಂದ ಹಳೆಯ ಮೊಬೈಲಿನ ಕೇಬಲ್ ದೊಡ್ಡ ಭಾಗಕ್ಕೆ ಸಲೀಸಾಗಿ ಕೂರುತ್ತದೆ, ಯುಎಸ್‌ಬಿ 2.0 ವೇಗದಲ್ಲಿ ಕೆಲಸವನ್ನೂ ಮಾಡುತ್ತದೆ. ಮಾವನ ಡಿಸ್ಕಿಗೆ ಕೂತಿದ್ದದ್ದು ಅಂಥದೇ ಒಂದು ಬಿಳಿಯ ಕೇಬಲ್.

"ಮೊದಲಿನದು ಎಲ್ಲಿ ಮಾವ?"

"ಅದನ್ನು ಇಲಿ ಕಡಿದು ಹಾಕಿತು. ಇದು ಟಾರ್ಚಿನ ಜೊತೆ ಬಂದದ್ದು. ಸರಿಯಾಗಿ ಕೂರುತ್ತದಲ್ಲ!"

ಸರಿಯಾಗಿಯೇ ಕೂರುತ್ತದೆ. ಆದರೆ ಟಾರ್ಚಿನ ಜೊತೆ ಬರುವ ಅಗ್ಗದ ಕೇಬಲಿನಲ್ಲಿ ಅನೇಕ ಬಾರಿ ವಿದ್ಯುತ್ತಿನ ಎರಡು ಎಳೆಗಳು ಮಾತ್ರ ಇರುತ್ತವೆ, ದತ್ತಾಂಶದ ಎರಡು ಎಳೆಗಳನ್ನು ಹಾಕಿಯೇ ಇರುವುದಿಲ್ಲ. ಡಿಸ್ಕಿಗೆ ಊಟ ಸಿಗುತ್ತಿತ್ತು, ಮಾತನಾಡಲು ಬಾಯಿ ಇರಲಿಲ್ಲ. ಬೆಂಗಳೂರಿಗೆ ಕಳಿಸಬೇಕೆಂದ ಅಂಗಡಿಯಲ್ಲಿ ಒಂದೇ ಒಂದು ಬಾರಿ ತಮ್ಮ ಕೇಬಲ್ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬಯ್ಯುವ ಹಕ್ಕು ನನಗಿಲ್ಲ. ಫೋನಿನಲ್ಲಿ ಕೇಬಲಿನ ಬಣ್ಣ ಕೇಳುವ ಬುದ್ಧಿ ನನಗೂ ಬಂದಿರಲಿಲ್ಲ.

ಪೇಟೆಯಿಂದ ಸರಿಯಾದ ಅಗಲ ಮೂತಿಯ ಕೇಬಲ್ ತಂದು, ಅಭ್ಯಾಸಬಲದಿಂದ ಕ್ಯಾಬಿನೆಟ್ಟಿನ ಮುಂಭಾಗದ ಸಾಕೆಟ್ಟಿಗೇ ಚುಚ್ಚಿದೆ. ಈ ಬಾರಿ ದಿನಚರಿ ಬಾಯಿಬಿಟ್ಟಿತು: ಹೊಸ ಹೈ-ಸ್ಪೀಡ್ ಸಾಧನ ಬಂದಿದೆ ಎಂದಿತು, ಗುರುತುಪತ್ರ ಓದಲಾಗುತ್ತಿಲ್ಲ, ದೋಷ ಮೈನಸ್ 71 ಎಂದಿತು, ಸಾಧನ ಹೊರಟುಹೋಯಿತು ಎಂದಿತು, ಎರಡು ಸೆಕೆಂಡಿಗೆ ಮತ್ತೆ ಬಂದಿದೆ ಎಂದಿತು. ಡಿಸ್ಕಿನ ಒಳಗಿನಿಂದ 'ಟಿಕ್, ಟಿಕ್' ಸದ್ದು. ಅತ್ತೆ ಅಡುಗೆಮನೆಯಿಂದಲೇ "ಹಲ್ಲಿಯೇ?" ಎಂದು ಕೇಳಿದರು.

71 ಎಂದರೆ ಸಂಭಾಷಣೆಯ ನಿಯಮ ತಪ್ಪಿತು, ಹೇಳಿದ್ದು ಅರ್ಧಕ್ಕೇ ತುಂಡಾಯಿತು ಎಂಬ ದೂರು. 110 ಎಂದಿದ್ದರೆ ಕಾದು ಕಾದು ಉತ್ತರವೇ ಬರಲಿಲ್ಲ ಎಂದು. ಎರಡಕ್ಕೂ ಡಿಸ್ಕೇ ಕಾರಣವಾಗಬೇಕಿಲ್ಲ. ಯುಎಸ್‌ಬಿ 2.0 ಸಾಕೆಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಸಾಕೆಟ್ 900. ಎರಡೂವರೆ ಇಂಚಿನ ಡಿಸ್ಕ್ ಒಮ್ಮೆ ತಿರುಗತೊಡಗಿದ ಮೇಲೆ ಇದರೊಳಗೆ ಸುಧಾರಿಸಿಕೊಳ್ಳುತ್ತದೆ, ಆದರೆ ನಿಂತಲ್ಲಿಂದ ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡು ಅದಕ್ಕೆ ಒಂದು ಆಂಪಿಯರಿನ ಆಸುಪಾಸು ಬೇಕಾಗಬಹುದು. ಮುಂಭಾಗದ ಸಾಕೆಟ್ಟಿಗೆ ಮದರ್‌ಬೋರ್ಡಿನಿಂದ ಒಂದು ಬಡಕಲು ತಂತಿ ಸುತ್ತಿ ಬಳಸಿ ಬಂದಿರುತ್ತದೆ. ಹತ್ತು ವರ್ಷದ ಧೂಳು, ಮಲೆನಾಡಿನ ತೇವ ಅದರ ಮೂತಿಯಲ್ಲಿ ಕೂತಿರುತ್ತವೆ. ಡಿಸ್ಕ್ ಏಳಲು ಹೊರಡುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಡಿಸ್ಕ್ ಮಲಗುತ್ತದೆ. ಮತ್ತೆ ಏಳುತ್ತದೆ. ಅತ್ತೆಗೆ ಕೇಳಿಸಿದ ಹಲ್ಲಿ ಅದು.

ಕೂಡಲೇ ಕಿತ್ತೆ. ಹೀಗೆ ಟಿಕ್ಕೆನ್ನುತ್ತಿರುವ ಡಿಸ್ಕನ್ನು "ಇನ್ನೊಮ್ಮೆ ನೋಡೋಣ" ಎಂದು ಹತ್ತು ಸಲ ಚುಚ್ಚುವುದು ನಾನು ಕಂಡ ಅತಿ ಸಾಮಾನ್ಯ, ಅತಿ ದುಬಾರಿ ಚಟ.

ಹಿಂಭಾಗದಲ್ಲಿ ನೀಲಿ ನಾಲಿಗೆಯ, ಅಂದರೆ ಯುಎಸ್‌ಬಿ 3.0ರ, ಎರಡು ಸಾಕೆಟ್ಟುಗಳಿದ್ದವು. ಕ್ಯಾಬಿನೆಟ್ ಗೋಡೆಯಿಂದ ಎಳೆದು, ಜೇಡರ ಬಲೆ ತೆಗೆದು, ಅಲ್ಲಿ ಚುಚ್ಚಿದೆ. "ಹೊಸ ಸೂಪರ್‌ಸ್ಪೀಡ್ ಸಾಧನ" ಎಂಬ ಸಾಲು ಬಂತು. ಈ ಒಂದು ಪದ ನೋಡಿ ತಿಳಿಯುವುದು ಬಹಳ: ಸೂಪರ್‌ಸ್ಪೀಡ್ ಎಂದರೆ 3.0ರ ವೇಗ, ಹೈ-ಸ್ಪೀಡ್ ಎಂದರೆ 2.0ರದ್ದು. 3.0 ಡಿಸ್ಕ್, 3.0 ಸಾಕೆಟ್ ಇದ್ದೂ ಇಲ್ಲಿ ಹೈ-ಸ್ಪೀಡ್ ಎಂದು ಬಂದರೆ ನಡುವಿನ ಕೇಬಲಿನ ಮೇಲೆ ಸಂಶಯಪಡಬೇಕು. ಆಮೇಲೆ ಡಿಸ್ಕಿಗೆ 'ಎಸ್‌ಡಿಬಿ' ಎಂಬ ಹೆಸರು ಸಿಕ್ಕಿತು, ಗಾತ್ರ 1 ಟೆರಾಬೈಟ್, ಅಂದರೆ 932 ಗಿಬಿಬೈಟ್ ಎಂದು ಒಂದೇ ಸಾಲಿನಲ್ಲಿ ಎರಡು ಲೆಕ್ಕ ಬಂತು. ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ಈ ವ್ಯತ್ಯಾಸವನ್ನು ಮಾವ ಡಿಸ್ಕ್ ಕೊಂಡ ದಿನದಿಂದಲೂ ಅಂಗಡಿಯವನ ಮೋಸವೆಂದೇ ನಂಬಿದ್ದಾರೆ. ಮುಂದಿನ ಸಾಲು ನನಗೆ ಆಮೇಲೆ ಬೇಕಾಯಿತು: ಡಿಸ್ಕ್ ಲೆಕ್ಕ ಕೊಡುವುದು 512 ಬೈಟಿನ ತುಂಡುಗಳಲ್ಲಿ, ನಿಜವಾಗಿ ಬರೆದುಕೊಳ್ಳುವುದು 4096 ಬೈಟಿನ ತುಂಡುಗಳಲ್ಲಿ.

ಮುಚ್ಚದ ಕಿರ್ದಿ

ಮಾವನ ಮುಖದಲ್ಲಿ ಬೆಳಕು ಬರುವಷ್ಟರಲ್ಲಿ ಪರದೆಯ ಮೇಲೆ ಒಂದು ಡಬ್ಬಿ ಮೂಡಿತು. ಡಿಸ್ಕನ್ನು ಮೌಂಟ್ ಮಾಡಲಾಗಲಿಲ್ಲ: ಫೈಲ್ ವ್ಯವಸ್ಥೆಯ ಬಗೆ ತಪ್ಪಿರಬಹುದು, ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಅಕ್ಷರಪಟ್ಟಿ ಅಥವಾ ಸಹಾಯಕ ಪ್ರೋಗ್ರಾಂ ಇಲ್ಲದಿರಬಹುದು, ಅಥವಾ ಬೇರೆ ದೋಷವಿರಬಹುದು. ಲಿನಕ್ಸಿನ ಈ ಪ್ರಸಿದ್ಧ ಸಂದೇಶವನ್ನು ಬರೆದ ಪುಣ್ಯಾತ್ಮರು ಯಾರೋ, ಕೊನೆಯ ಎರಡು ಪದಗಳಲ್ಲಿ ಜಗತ್ತಿನ ಎಲ್ಲ ಸಾಧ್ಯತೆಗಳನ್ನೂ ಸೇರಿಸಿಬಿಟ್ಟಿದ್ದಾರೆ. ಇದನ್ನು ಓದಿ ಏನನ್ನೂ ತೀರ್ಮಾನಿಸಬಾರದು. ಕರ್ನಲಿನ ದಿನಚರಿಯಲ್ಲಿ ನಿಜವಾದ ಕಾರಣ ಒಂದೇ ಸಾಲಿನಲ್ಲಿತ್ತು: ಈ ಎನ್‌ಟಿಎಫ್‌ಎಸ್ ಪಾರ್ಟಿಷನ್ 'ಡರ್ಟಿ', ಬಲವಂತ ಮಾಡಲು ನೀವು ಹೇಳಿಲ್ಲ, ಆದ್ದರಿಂದ ನಾನು ಮುಟ್ಟುವುದಿಲ್ಲ.

ಮಾವ ಸೊಸೈಟಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರು. ಅವರಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಎನ್‌ಟಿಎಫ್‌ಎಸ್‌ನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ದೊಡ್ಡ ಖಾತೆ ಪುಸ್ತಕ ಒಂದಿದೆ. ಅದರಲ್ಲಿ ಬದಲಾವಣೆ ಮಾಡುವ ಮೊದಲು ಏನು ಮಾಡಲಿದ್ದೇನೆ ಎಂದು ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಬರೆದುಕೊಳ್ಳುತ್ತದೆ, ಆಮೇಲೆ ಖಾತೆಗೆ ಏರಿಸುತ್ತದೆ. ನಡುವೆ ಕರೆಂಟ್ ಹೋದರೂ ಕಿರ್ದಿ ನೋಡಿ ಖಾತೆಯನ್ನು ಸರಿಪಡಿಸಬಹುದು. ಡಿಸ್ಕನ್ನು ಕ್ರಮವಾಗಿ ಹೊರತೆಗೆದಾಗ ಬಾಕಿಯೆಲ್ಲ ಏರಿಸಿ, ಲೆಕ್ಕ ಮುಗಿದಿದೆ ಎಂದು ಗುರುತು ಹಾಕುತ್ತದೆ. ಆ ಗುರುತು ಇಲ್ಲದಿದ್ದರೆ ಡರ್ಟಿ.

"ಅಂದರೆ ಆಖೈರು ಶಿಲ್ಕು ತೆಗೆಯದೆ ಎದ್ದುಹೋಗಿದ್ದಾರೆ," ಎಂದರು ಮಾವ. "ಯಾರು?"

ಉತ್ತರ ಹುಡುಕುತ್ತ ಹೋದರೆ ಅದು ನನ್ನ ಬುಡಕ್ಕೇ ಬಂತು. ದೀಪಾವಳಿಯ ಆ ದಿನ ವಿಂಡೋಸ್ ಅಳಿಸುವ ಮೊದಲು ಮಾವ ತಮ್ಮ ನವರಾತ್ರಿಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಿಂದ ಈ ಡಿಸ್ಕಿಗೆ ನಕಲು ಮಾಡಿಕೊಂಡಿದ್ದರು. ನಾನು ಶಟ್‌ಡೌನ್ ಕೊಟ್ಟು, ಯಂತ್ರ ಪೂರ್ತಿ ಆರಿದ ಮೇಲೆಯೇ ಡಿಸ್ಕ್ ಕಿತ್ತು ಮೇಜಿನ ಡ್ರಾಯರಿನಲ್ಲಿಟ್ಟೆ. ಆಮೇಲೆ ಉಬುಂಟು ಪೆನ್‌ಡ್ರೈವ್ ಹಾಕಿ ಒಳಗಿನ ಡಿಸ್ಕನ್ನು ಒರೆಸಿದೆ. ರಾತ್ರಿ ಬಸ್ಸಿಗೆ ತಡವಾಗುತ್ತದೆ ಎಂದು ಎಕ್ಸ್‌ಟರ್ನಲ್ ಡಿಸ್ಕನ್ನು ಹೊಸ ವ್ಯವಸ್ಥೆಯಲ್ಲಿ ಒಮ್ಮೆ ಚುಚ್ಚಿ ನೋಡಲೂ ಇಲ್ಲ.

ಯಂತ್ರ ಆರಿದ ಮೇಲೆ ಕಿತ್ತರೆ ಏನು ತಪ್ಪು? ತಪ್ಪು ಇರುವುದು 'ಆರಿದ' ಎಂಬ ಪದದಲ್ಲಿ. 2012ರ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಸಾಮಾನ್ಯವಾಗಿ ತಾನಾಗಿಯೇ ಚಾಲೂ ಇರುತ್ತದೆ. ಶಟ್‌ಡೌನ್ ಒತ್ತಿದಾಗ ಬಳಕೆದಾರನ ಕೆಲಸಗಳನ್ನು ಮಾತ್ರ ಮುಚ್ಚಿ, ವಿಂಡೋಸಿನ ತಿರುಳನ್ನು ಇದ್ದಂತೆಯೇ ಒಳಗಿನ ಡಿಸ್ಕಿನ ಒಂದು ಫೈಲಿಗೆ ಬರೆದು ಮಲಗಿಸುತ್ತದೆ. ಮರುದಿನ ಬೇಗ ಏಳಲು ಇದು ಉಪಾಯ. ಆ ನಿದ್ದೆಯಲ್ಲಿ, ಚುಚ್ಚಿಕೊಂಡೇ ಇದ್ದ ಡಿಸ್ಕುಗಳು ಇನ್ನೂ ತನ್ನ ಬಳಕೆಯಲ್ಲಿವೆ ಎಂದೇ ವಿಂಡೋಸ್ ತಿಳಿದಿರುತ್ತದೆ. ಲೆಕ್ಕ ಮುಗಿಸಿದ ಗುರುತು ಬೀಳುವುದಿಲ್ಲ. ನಾನೋ, ಅರ್ಧ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮಲಗಿದ್ದ ಗುಮಾಸ್ತನನ್ನೇ ಒರೆಸಿ ಹಾಕಿದ್ದೆ. ರೀಸ್ಟಾರ್ಟ್ ಒತ್ತಿದ್ದರೆ ವಿಂಡೋಸ್ ನಿಜವಾಗಿ ಮುಚ್ಚುತ್ತಿತ್ತು. ಶಿಫ್ಟ್ ಗುಂಡಿ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟಿದ್ದರೂ ಸಾಕಿತ್ತು. ಡಿಸ್ಕನ್ನು ಮೊದಲು 'ಎಜೆಕ್ಟ್' ಮಾಡಿದ್ದರಂತೂ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮಾವನ ಆರೋಪ ಸರಿಯಾಗಿತ್ತು. ಹೊಸದು ಹಾಕಿದ್ದರಿಂದ ಕೆಟ್ಟದ್ದಲ್ಲ, ಹಳೆಯದನ್ನು ತೆಗೆದ ರೀತಿಯಿಂದ ಕೆಟ್ಟದ್ದು. ಇದನ್ನು ಅವರಿಗೆ ಹೇಳಿದೆ. ಅವರು ನಕ್ಕು, ಇಲಿಯ ಪಾಲೂ ಇದೆಯಲ್ಲ ಎಂದರು.

ಕೈ ತಡೆದ ಒಂದು ಸಂಖ್ಯೆ

ಇಂಥ ಸಂದರ್ಭಕ್ಕೆ ಎಲ್ಲರೂ ಹೇಳುವ ಮದ್ದು 'ಎನ್‌ಟಿಎಫ್‌ಎಸ್‌ಫಿಕ್ಸ್'. ಒಂದು ಸಾಲಿನ ಆದೇಶ, ಎರಡು ಸೆಕೆಂಡು, ಡಿಸ್ಕ್ ತೆರೆಯುತ್ತದೆ. ಹೆಸರಿನಲ್ಲಿ 'ಫಿಕ್ಸ್' ಇರುವುದರಿಂದ ಅದು ದುರಸ್ತಿ ಮಾಡುತ್ತದೆ ಎಂದು ಜನ ನಂಬುತ್ತಾರೆ. ಅದು ಮಾಡುವುದು ಕೆಲವು ಮೂಲಭೂತ ಅಸಂಗತಿಗಳನ್ನು ತಿದ್ದಿ, ಕಿರ್ದಿಯನ್ನು ಖಾಲಿ ಮಾಡುವುದು. 'ಡಿ' ಆಯ್ಕೆ ಕೊಟ್ಟರೆ ಡರ್ಟಿ ಗುರುತನ್ನೂ ಅಳಿಸುತ್ತದೆ. ಖಾತೆಗೆ ಏರದ ಲೆಕ್ಕ ಕಿರ್ದಿಯಲ್ಲಿದ್ದರೆ ಆ ಹಾಳೆಯನ್ನೇ ಹರಿದಂತೆ. ನಿಜವಾದ ದುರಸ್ತಿ ವಿಂಡೋಸಿನ ಚೆಕ್‌ಡಿಸ್ಕ್ ಕೆಲಸ. ಸಿನಿಮಾ ತುಂಬಿದ ಪೆನ್‌ಡ್ರೈವ್ ಆಗಿದ್ದರೆ ನಾನೂ ಫಿಕ್ಸ್ ಒತ್ತುತ್ತಿದ್ದೆ. ಇಪ್ಪತ್ತು ವರ್ಷದ ಒಂದೇ ಪ್ರತಿಗೆ ಒತ್ತಲು ಕೈ ಬರಲಿಲ್ಲ.

ಬರೆಯುವ ಯಾವ ಆದೇಶಕ್ಕೂ ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಹಾರ್ಡ್ ಡಿಸ್ಕುಗಳು ತಮ್ಮ ಬಗ್ಗೆ ತಾವೇ 'ಸ್ಮಾರ್ಟ್' ಎಂಬ ದಾಖಲೆ ಇಟ್ಟುಕೊಂಡಿರುತ್ತವೆ. ಯುಎಸ್‌ಬಿ ಸೇತುವೆಯ ಆಚೆಯಿಂದ ಅದನ್ನು ಓದಲು 'ಸ್ಮಾರ್ಟ್‌ಸಿಟಿಎಲ್' ಆದೇಶಕ್ಕೆ ಸಾಧನದ ಬಗೆ 'ಸ್ಯಾಟ್' ಎಂದು ಹೇಳಬೇಕಾಗಬಹುದು. ಹೇಳದಿದ್ದರೆ ಕೆಲವು ಸೇತುವೆಗಳು ಏನೂ ಕೊಡುವುದಿಲ್ಲ. ಉದ್ದನೆಯ ಪಟ್ಟಿಯಲ್ಲಿ ನಾನು ಮೊದಲು ನೋಡುವುದು 5, 197, 198 ಎಂಬ ಮೂರು ಸಾಲು. ಐದನೆಯದು, ಕೆಟ್ಟ ತುಂಡಿಗೆ ಬದಲಿ ಕೊಟ್ಟ ಲೆಕ್ಕ: ಸೊನ್ನೆ. 197ನೆಯದು, ಓದಲಾಗದೆ ಬಾಕಿ ಉಳಿದ ತುಂಡುಗಳ ಲೆಕ್ಕ: 24.

ಇಪ್ಪತ್ತನಾಲ್ಕು ದೊಡ್ಡ ಸಂಖ್ಯೆಯಲ್ಲ. ಲೆಕ್ಕ 512 ಬೈಟಿನ ತುಂಡುಗಳದ್ದಾದ್ದರಿಂದ ಮೂರು ನಿಜವಾದ ತುಂಡುಗಳು ಅಷ್ಟೇ. ಆದರೂ ಸೊನ್ನೆಗೂ ಇಪ್ಪತ್ತನಾಲ್ಕಕ್ಕೂ ನಡುವೆ ಇರುವ ಅಂತರ ಇಪ್ಪತ್ತನಾಲ್ಕಕ್ಕೂ ಇನ್ನೂರಕ್ಕೂ ನಡುವಿನದ್ದಕ್ಕಿಂತ ದೊಡ್ಡದು. ಇಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದೂ ತಪ್ಪು, ಏಕೆಂದರೆ ಅದು ಬರೆಯುತ್ತದೆ. ಮೊದಲು ಪೂರ್ತಿ ನಕಲು, ಆಮೇಲೆ ನಕಲಿನ ಮೇಲೆ ದುರಸ್ತಿ.

ನಕಲಿಗೆ ಬೇಕಾದ ಹೊಸ ಡಿಸ್ಕ್ ಮರುದಿನಕ್ಕೆ ಬರುವುದಿತ್ತು. ಸಂಜೆಯಾಯಿತು, ಸುಲಿಯುವವರು ಬಂದರು, ಮಾವ ನನ್ನ ಹಿಂದೆ ಬಂದು ನಿಂತರು. ಕೇಳಲಿಲ್ಲ, ನಿಂತರು ಅಷ್ಟೇ. ಲಿನಕ್ಸಿನ ಎನ್‌ಟಿಎಫ್‌ಎಸ್ ಡ್ರೈವರ್, 2021ರಲ್ಲಿ ಕರ್ನಲ್ 5.15ಕ್ಕೆ ಸೇರಿದ್ದು, ಡರ್ಟಿ ಪಾರ್ಟಿಷನ್ನನ್ನು ಬರೆಯಲು ತೆರೆಯಲು ಒಪ್ಪದಿದ್ದರೂ ಓದಲು ಮಾತ್ರ ಎಂದು ಕೇಳಿದರೆ ತೆರೆಯುತ್ತದೆ. ಮೌಂಟ್ ಆದೇಶಕ್ಕೆ 'ಆರ್‌ಒ' ಎಂಬ ಎರಡಕ್ಷರದ ಆಯ್ಕೆ. ತೆರೆಯಿತು. ಕನ್ನಡದಲ್ಲಿ ಹೆಸರಿಟ್ಟಿದ್ದ ಫೋಲ್ಡರುಗಳೆಲ್ಲ ಸಾಲಾಗಿ ನಿಂತವು. 35 ಗಿಗಾಬೈಟಿನ ತಾಳಮದ್ದಲೆ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡೆ, ಒಂದು ಫೈಲ್ ಬಿಟ್ಟು ಉಳಿದದ್ದೆಲ್ಲ ಬಂತು, ಡಿಸ್ಕ್ ಕಳಚಿಟ್ಟೆ. ದತ್ತಾಂಶ ಉಳಿಸುವ ವಿದ್ಯೆಯಲ್ಲಿ ಪಳಗಿದವರು ಇದನ್ನು ಒಪ್ಪುವುದಿಲ್ಲ. ಕಾಯಿಲೆ ಇರುವ ಡಿಸ್ಕಿನಿಂದ ಪೂರ್ತಿ ನಕಲಿಗೆ ಮೊದಲು ಏನನ್ನೂ ಓದಬಾರದು ಎನ್ನುವುದು ಅವರ ಕಟ್ಟಳೆ. ಡಿಸ್ಕ್ ಸದ್ದು ಮಾಡುತ್ತಿದ್ದರೆ ನಾನೂ ಪಾಲಿಸುತ್ತಿದ್ದೆ. ಆ ರಾತ್ರಿ ಜಗುಲಿಯಲ್ಲಿ ಹನ್ನೆರಡರವರೆಗೂ ಕೃಷ್ಣ ಕೌರವನ ಜೊತೆ ವಾದ ಮಾಡುತ್ತಿದ್ದ.

ಭಾನುವಾರದ ನಕಲು

ಭಾನುವಾರ ಎರಡು ಟೆರಾಬೈಟಿನ ಹೊಸ ಡಿಸ್ಕ್ ಬಂತು. ಎರಡನ್ನೂ ಹಿಂಭಾಗದ ನೀಲಿ ಸಾಕೆಟ್ಟುಗಳಿಗೆ ಹಾಕಿ, ಕೆಟ್ಟ ಡಿಸ್ಕುಗಳನ್ನು ನಕಲು ಮಾಡುವ ಗ್ನೂ ಡಿಡಿ-ರೆಸ್ಕ್ಯೂ ಎಂಬ ಪ್ರೋಗ್ರಾಂ ಶುರುಮಾಡಿದೆ. ಶುರುಮಾಡುವ ಮೊದಲು ಯಾವುದು ಎಸ್‌ಡಿಬಿ, ಯಾವುದು ಎಸ್‌ಡಿಸಿ ಎಂದು ಗಾತ್ರ ನೋಡಿ, ಕಾಗದದ ಮೇಲೆ ಬರೆದು, ಮಾವನಿಂದ ಓದಿಸಿದೆ. ಈ ಎರಡು ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ಖಾಲಿತನ ತುಂಬಿದ ಡಿಸ್ಕಿಗೆ ನಕಲಾಗುತ್ತದೆ. ಕೇಬಲ್ ಕಿತ್ತು ಹಾಕಿದಾಗ ಹೆಸರು ಬದಲಾಗುವುದೂ ಉಂಟು.

ಈ ಪ್ರೋಗ್ರಾಮಿನ ಜಾಣತನ ಅದರ ನಕ್ಷೆಯಲ್ಲಿದೆ. ಎಲ್ಲಿಯವರೆಗೆ ಓದಿದೆ, ಎಲ್ಲಿ ಎಡವಿದೆ ಎಂದು ಒಂದು ಸಣ್ಣ ಫೈಲಿನಲ್ಲಿ ಬರೆದುಕೊಳ್ಳುತ್ತ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಎಡವಿದ ಜಾಗವನ್ನು ಹಾರಿ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಹಟ ಮಾಡುವ ತುಂಡುಗಳ ಸರದಿ ಕೊನೆಗೆ. ನಕ್ಷೆಯನ್ನು ಒಳಗಿನ ಡಿಸ್ಕಿನಲ್ಲಿ ಇಟ್ಟಿದ್ದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ನಿರೀಕ್ಷೆಯಂತೆ ಕರೆಂಟ್ ಹೋಯಿತು. ಮಾವನ ಯುಪಿಎಸ್ ಎರಡು ವರ್ಷದಿಂದ ಬರೀ ಪ್ಲಗ್ ಪಾಯಿಂಟಿನ ಕೆಲಸ ಮಾಡುತ್ತಿದೆ. ಕರೆಂಟ್ ಬಂದ ಮೇಲೆ ಅದೇ ಆದೇಶ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೂ ನಕ್ಷೆಯನ್ನು ಪೂರ್ತಿ ನಂಬದೆ, ಕೊನೆಯ ಹತ್ತು ಗಿಗಾಬೈಟನ್ನು ಮತ್ತೆ ನಕಲು ಮಾಡಿಸಿದೆ; ಓದಿದ್ದೆಂದು ಬರೆದುಕೊಂಡೂ ಹೊಸ ಡಿಸ್ಕಿಗೆ ಇನ್ನೂ ಇಳಿಯದ ಭಾಗ ಇದ್ದೀತು ಎಂಬ ಅಂಜಿಕೆ. ಎಲ್ಲ ಸೇರಿ ಮೂರೂವರೆ ಗಂಟೆಯ ಓಟ. ಯುಎಸ್‌ಬಿ 2.0 ಸಾಕೆಟ್ಟಿನಲ್ಲಾಗಿದ್ದರೆ ಸೆಕೆಂಡಿಗೆ 35 ಮೆಗಾಬೈಟಿನ ಲೆಕ್ಕದಲ್ಲಿ ಎಂಟು ಗಂಟೆ.

ಕೊನೆಗೆ ಉಳಿದದ್ದು 12,288 ಬೈಟ್. ಮೂರು ಸಲ ಮತ್ತೆ ಪ್ರಯತ್ನಿಸಿದರೂ ಆ ಮೂರು ತುಂಡುಗಳು ಬರಲಿಲ್ಲ.

ಅವು ಯಾವ ಫೈಲಿನವು ಎಂದು ಕಂಡುಹಿಡಿಯಲು ಒಂದು ಚಂದದ ಉಪಾಯವಿದೆ. ಓದಲಾಗದ ಜಾಗಗಳಿಗೆ ಸರಿಯಾಗಿ, ನಕಲಿನಲ್ಲಿ ನಾವು ಹೇಳಿದ ಒಂದು ಗುರುತಿನ ಪದವನ್ನು ತುಂಬಲು ಡಿಡಿ-ರೆಸ್ಕ್ಯೂಗೆ ಹೇಳಬಹುದು. ಆಮೇಲೆ ನಕಲನ್ನು ಓದಲು ಮಾತ್ರ ತೆರೆದು, ಆ ಪದ ಯಾವ ಫೈಲಿನಲ್ಲಿದೆ ಎಂದು ಹುಡುಕಿಸಿದರೆ ಆಯಿತು. ಸಿಕ್ಕಿದ್ದು ಒಂದೇ ಫೈಲ್, ಹಿಂದಿನ ರಾತ್ರಿ ಬರಲೊಲ್ಲದ ಅದೇ ಫೈಲ್: ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಕರ್ಣ-ಶಲ್ಯರ ಸಂವಾದ. ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಹನ್ನೆರಡು ಕಿಲೋಬೈಟ್ ಎಂದರೆ ಮುಕ್ಕಾಲು ಸೆಕೆಂಡಿನ ಸದ್ದು.

ಹಳೆಯ ಡಿಸ್ಕನ್ನು ತೆಗೆದಿಟ್ಟು, ನಕಲನ್ನು ಪಕ್ಕದ ಮನೆಯ ಹುಡುಗನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದೆವು. ಒಂದೇ ಗುರುತಿನ ಎರಡು ಡಿಸ್ಕುಗಳನ್ನು ಒಟ್ಟಿಗೆ ಚುಚ್ಚಬಾರದು, ಗೊಂದಲವಾಗುತ್ತದೆ. ಚೆಕ್‌ಡಿಸ್ಕ್ ಕಿರ್ದಿ ನೋಡಿತು, ಸೂಚಿಯ ಕೆಲವು ನಮೂದುಗಳನ್ನು ತಿದ್ದಿತು, ಅನಾಥವಾಗಿದ್ದ ಎರಡು ಫೈಲುಗಳನ್ನು ಅವುಗಳ ಫೋಲ್ಡರಿಗೆ ಸೇರಿಸಿತು. ಎರಡೂ ಆ ನವರಾತ್ರಿಯ ಧ್ವನಿಮುದ್ರಣಗಳು. ಫಿಕ್ಸ್ ಒತ್ತಿದ್ದರೆ ಅವು ಸಿಗುತ್ತಿದ್ದವೋ ಇಲ್ಲವೋ, ಪರೀಕ್ಷಿಸಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಹುಡುಗ ಡಿಸ್ಕನ್ನು ಎಜೆಕ್ಟ್ ಮಾಡಿ, "ತೆಗೆಯಬಹುದು" ಎಂಬ ಸೂಚನೆ ಬರುವವರೆಗೆ ಕಾದು, ನನ್ನ ಮುಖ ನೋಡಿ ನಕ್ಕು ಕಿತ್ತ. ಉಬುಂಟುವಿನಲ್ಲಿ ಅದು ಚುಚ್ಚಿದ ಕೂಡಲೇ ತೆರೆದುಕೊಂಡಿತು.

ಮುಕ್ಕಾಲು ಸೆಕೆಂಡಿನ ಆ ಜಾಗವನ್ನು ಮಾವನಿಗೆ ಕೇಳಿಸಿದೆ. ಒಂದು ಸಣ್ಣ ಚಿಟುಕು, ಮತ್ತೆ ಮಾತು. ಅವರು ಕಣ್ಣು ಮುಚ್ಚಿ ಮತ್ತೊಮ್ಮೆ ಹಾಕಿಸಿದರು.

"ಅಲ್ಲಿ ಶಲ್ಯ ಒಮ್ಮೆ ಕೆಮ್ಮುತ್ತಿದ್ದ," ಎಂದರು.